ಕಾರಿಗೆ ಹಲ್ಲು ಕಟ್ಟಿದ್ದು

ಹಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ! ೧೯೭೯ರ ಮೇ ತಿಂಗಳವರೆಗೆ ನಾನು ಹೀಗೆಂದು ಎದೆ ತಟ್ಟಿ ಹೇಳುತ್ತಿದ್ದೆ. ಮಣಿಪಾಲದಲ್ಲಿ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ನನ್ನ ಉದ್ಯೋಗ. ಜನ ‘ಡಾಕ್ಟ್ರೇ’ ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಸೆಟ್ಟು ನೋಯುತ್ತದೆ ಎಂದು ಯಾರಾದರೂ ಬಂದರೆ ನನ್ನ ಉತ್ತರ ಸಿದ್ಧ: “ಎರಡು ದಿನ ಬಿಗಿ ಇರ್ತದೆ. ಮತ್ತೆ ಒಗ್ಗುತ್ತದೆ.” ಹಾಗೆ ಹೇಳಿಸಿಕೊಂಡವರು ತಿರುಗಿ ಬರುತ್ತಿರಲಿಲ್ಲ. ಒಗ್ಗಿತು ಎಂದೇ ನಾನು ತಿಳಿದಿದ್ದೆ.

ಶಿರ್ವದಲ್ಲಿರುವ ನನ್ನ ಮಾವ ರೊಸಾರಿಯೊ ಅವರ ಸೆಟ್ಟು ಕೂಡ ನನ್ನದೇ ಕೈಕೆಲಸ. ಸಂಭಾವಿತ ಮನುಷ್ಯ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಮ್ಮಲ್ಲಿಗೆ ಊಟಕ್ಕೆ ಬಂದರೆ ಕೋಳಿಯ ತುಂಡು ಬದಿಗಿಟ್ಟು ಬರೀ ಗಸಿಯಲ್ಲಿ ಉಣ್ಣುತ್ತಾರೆ. ವಯಸ್ಸಿಗೆ ತಕ್ಕ ವೈರಾಗ್ಯ ಬಂದಿದೆ ಎಂದು ನನಗೆ ಅವರ ಮೇಲೆ ವಿಶೇಷ ಗೌರವ.

ಅವರ ಕಿರಿಯ ಮಗಳು ಲೊರ್ನಾಳ ಮದುವೆ ನಿಶ್ಚಯವಾಯಿತು. ಮದುಮಗಳು ಇಗರ್ಜಿಗೆ ಹೋಗಲು ನೆರೆಮನೆಯ ಲಿಯೋನೆಲ್ ತನ್ನ ಹೊಸ ಫಿಯೆಟ್ ಕೊಡುತ್ತೇನೆಂದ. ದುಬಾಯಿಯ ದುಡ್ಡಿನ ಫಿಯೆಟ್! ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ಮಾವ, ನಮ್ಮ ಮೋರಿಸ್ ಇರುವಾಗ ಬೇರೆಯವರ ಕಾರು ಯಾಕೆ?” ಎಂದೆ. ಮಾವ ನನ್ನ ಮಾತಿಗೆ ಬೆಲೆ ಕೊಟ್ಟು ಲಿಯೋನೆಲ್‌ಗೆ ಬೇಡವೆಂದರು.

ಮನೆಗೆ ಬಂದದ್ದೇ ನನ್ನ ಹೆಂಡತಿ ಸೆಲೀನ್ ಶುರು ಮಾಡಿದಳು.

“ಆ ಗಾಡಿ ಏರು ಹತ್ತುವಾಗ ಗೇರು ತಪ್ಪುತ್ತದೆ. ನಾನು ಎರಡು ಕೈಯಲ್ಲಿ ಗೇರು ಒತ್ತಿ ಹಿಡಿದು ಕೂರುವುದು. ತಂಗಿಯ ಮದುವೆಗೂ ನಾನೇ ಹಿಡಿಯಬೇಕಾ?”

“ಬೇಡ. ಬೇರೆ ಗೇರ್‌ಬಾಕ್ಸ್ ಹಾಕಿಸ್ತೇನೆ. ದೊಡ್ಡ ಕಾರಿನದ್ದು!”

“ಅದು ಇದಕ್ಕೆ ಆಗ್ತದಾ?”

“ಗೇರ್‌ಬಾಕ್ಸ್ ಅಂದರೆ ಎಂತ? ಒಂದಷ್ಟು ಹಲ್ಲು! ಹಲ್ಲಿಗೆ ನಾನಿಲ್ವಾ?”

ಕಾರ್ಕಳದಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಮಾರುವ ಸರ್ವೋತ್ತಮನ ಅಂಗಡಿಯಲ್ಲಿ ಗೇರ್‌ಬಾಕ್ಸ್ ಸಿಕ್ಕಿತು. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ್ದ: “ಕ್ಲಚ್ ಪ್ಲೇಟ್ ನೋಡಿ ತೆಗೊಳ್ಳಿ ಮಾರಾಯ್ರೆ. ಪ್ಲೇಟಿನ ಹೊರಗಿನ ಅಳತೆ ನಿಮ್ಮ ಇಂಜಿನಿಗೆ ಸರಿಯಾಗಬೇಕು. ನಡುವಿನ ತೂತಿನ ಹಲ್ಲು ಈ ಗೇರ್‌ಬಾಕ್ಸಿನ ಶಾಫ್ಟಿಗೆ ಕೂರಬೇಕು. ಇಂಜಿನಿನ ಶಕ್ತಿ ಗೇರಿಗೆ ದಾಟುವುದೇ ಆ ಹಲ್ಲಿನ ಹಿಡಿತದಲ್ಲಿ. ಹಲ್ಲು ಎಣಿಸಿ ನೋಡಿ.”

“ನನಗೆ ಹಲ್ಲು ಎಣಿಸಲು ಕಲಿಸಬೇಡಿ!” ಎಂದು ಗತ್ತಿನಿಂದ ಹೊರಟೆ. ಉಡುಪಿಯಲ್ಲಿ ಮೋರಿಸ್ಸಿನ ಹೊಸ ಕ್ಲಚ್ ಪ್ಲೇಟ್ ಕೊಂಡೆ. ಹೊರಗಿನ ಅಳತೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಒಳಗಿನ ಹಲ್ಲು ಎಣಿಸಲಿಲ್ಲ.

ಮದುವೆಗೆ ಮೂರು ದಿನ ಇರುವಾಗ ಕಾಪುವಿನ ಮೆಕ್ಯಾನಿಕ್ ಅಣ್ಣುವಿನ ಶೆಡ್ಡಿನಲ್ಲಿ ಮಹಾಕಾರ್ಯ ಆರಂಭವಾಯಿತು. ಗೇರ್‌ಬಾಕ್ಸ್ ಎರಡು ಇಂಚು ಹೊರಗೇ ನಿಂತಿತು. ಅಣ್ಣು ದೂಡಿದ. ನಾನು ದೂಡಿದೆ. ಇಬ್ಬರೂ ಕಾಲು ಕೊಟ್ಟು ದೂಡಿದೆವು. ಅಣ್ಣು ಎಲ್ಲವನ್ನೂ ಇಳಿಸಿ, ಟಾರ್ಚು ಹಿಡಿದು ಎಣಿಸಿದ.

“ಡಾಕ್ಟ್ರೇ, ಶಾಫ್ಟಿನಲ್ಲಿ ಹತ್ತು ಹಲ್ಲು ಉಂಟು. ಪ್ಲೇಟಿನಲ್ಲಿ ಹನ್ನೆರಡು. ಕಾರ್ಕಳಕ್ಕೆ ಹೋಗಿ ಬೇರೆ ಪ್ಲೇಟ್ ಹುಡುಕಬೇಕು.”

ಸರ್ವೋತ್ತಮನ ಮುಖ ನೆನಪಾಯಿತು. ಅವನ ಎದುರು ಹೋಗಿ ನಿಲ್ಲುವುದಕ್ಕಿಂತ ನಡೆದುಕೊಂಡೇ ಮದುವೆಗೆ ಹೋದೇನು! ಮಣಿಪಾಲದಿಂದ ಸೆಟ್ಟು ಉಜ್ಜುವ ನನ್ನ ಮೆಷಿನ್ನು ತಂದೆ. ಶಾಫ್ಟಿಗೆ ಅಡ್ಡ ಬಂದ ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದೆ. ಸಂಜೆಯ ಹೊತ್ತಿಗೆ ಪ್ಲೇಟಿನಲ್ಲಿ ನಾಲ್ಕು ಹಲ್ಲು ಉಳಿದವು. ಶಾಫ್ಟು ಬೆಣ್ಣೆಯೊಳಗೆ ಹೋದಂತೆ ಒಳಗೆ ಹೋಯಿತು.

“ನಾಲ್ಕು ಹಲ್ಲು ಸಾಕಾ?” ಅಣ್ಣು ಕೇಳಿದ.

“ನಾಲ್ಕು ಹಲ್ಲಿನಲ್ಲಿ ಮುದುಕರು ಚಕ್ಕುಲಿ ತಿನ್ನುವುದಿಲ್ವಾ? ಎರಡು ದಿನ ಬಿಗಿ ಇರ್ತದೆ, ಮತ್ತೆ ಒಗ್ಗುತ್ತದೆ.”

“ಇದು ಕಬ್ಬಿಣ, ಡಾಕ್ಟ್ರೇ” ಎಂದು ಅವನು ಕೈ ಒರೆಸಿಕೊಂಡ.

ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ನಾನು ಅಣ್ಣುವನ್ನೂ ಮದುವೆಗೆ ಕರೆದೆ. ಬಂದು ನನ್ನ ಕೆಲಸ ನೋಡಲಿ ಎಂದು!

ಮದುವೆಯ ದಿನ, ಬುಧವಾರ ಬೆಳಿಗ್ಗೆ, ಮುಂದಿನ ಸೀಟಿನಲ್ಲಿ ಮಾವ, ಹಿಂದೆ ಬಿಳಿ ಸೀರೆಯ ಲೊರ್ನಾ ಮತ್ತು ಸೆಲೀನ್. ಇಗರ್ಜಿಯ ಏರು ಅರ್ಧ ಹತ್ತಿದ್ದೆವು. ಅಡಿಯಿಂದ ಕಟಕ್ ಎಂದಿತು. ಇನ್ನೊಂದು ಕಟಕ್. ಮತ್ತೆರಡು. ನಾನು ಎಣಿಸಿದೆ: ನಾಲ್ಕು! ಇಂಜಿನ್ ಹುಲಿಯಂತೆ ಗರ್ಜಿಸಿತು, ಕಾರು ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನಿಂದ ಲಿಯೋನೆಲ್‌ನ ಫಿಯೆಟ್ ಹಾರ್ನ್ ಹೊಡೆಯಿತು.

“ಬಾವ, ಎಂತ ಆಯ್ತು? ಫಾದರ್ ಕಾಯ್ತಾ ಇದ್ದಾರೆ!” ಲೊರ್ನಾಳ ಧ್ವನಿ ಅಳುವ ಹಂತಕ್ಕೆ ಬಂದಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

“ನಾನು ಗೇರು ಹಿಡಿಯಬೇಕಾ?” ಎಂದು ಸೆಲೀನ್ ಕೇಳಿದಳು.

ಮೇಲೆ ಕಾಯುತ್ತಿದ್ದ ಬ್ಯಾಂಡಿನವರು ಇಳಿದು ಬಂದರು. ತುತ್ತೂರಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾರನ್ನು ದೂಡಿದರು. ದೊಡ್ಡ ಡ್ರಮ್ಮಿನವನೊಬ್ಬ ಮಾತ್ರ ಮುಂದೆ ನಡೆಯುತ್ತ ಢಂ, ಢಂ ಎಂದು ಬಾರಿಸಿದ. ಹೀಗೆ ನನ್ನ ನಾದಿನಿ ಇಪ್ಪತ್ತು ನಿಮಿಷ ತಡವಾಗಿ ಇಗರ್ಜಿ ತಲುಪಿದಳು.

ಪೂಜೆ ಮುಗಿದು ಹೊರಬಂದಾಗ ಅಣ್ಣು ಕಾರಿನ ಬಳಿ ನಿಂತಿದ್ದ. “ಇದ್ದ ನಾಲ್ಕೂ ಉದುರಿದೆ, ಡಾಕ್ಟ್ರೇ. ಈಗ ಬೊಚ್ಚು ಬಾಯಿ.”

ನಾನು ಮಾವನ ಎದುರು ತಲೆ ತಗ್ಗಿಸಿದೆ. “ತಪ್ಪಾಯ್ತು ಮಾವ. ಎಲ್ಲರ ಎದುರು ನಿಮ್ಮ ಮರ್ಯಾದೆ ತೆಗೆದೆ. ಒಳಗಿನ ಹಲ್ಲು ನಾನು ನೋಡಿರಲಿಲ್ಲ.”

“ಬೇಸರ ಮಾಡಬೇಡಿ” ಎಂದ ಮಾವ ಅತ್ತಿತ್ತ ನೋಡಿ, ಕೋಟಿನ ಕಿಸೆಯಿಂದ ಕರವಸ್ತ್ರದ ಒಂದು ಗಂಟು ತೆಗೆದು ಬಿಚ್ಚಿದರು. ನಾನು ಕಟ್ಟಿಕೊಟ್ಟ ಸೆಟ್ಟು!

“ನಿಮ್ಮ ಮನೆಗೆ ಬರುವಾಗ ಮಾತ್ರ ಹಾಕುವುದು. ಮೂರು ವರ್ಷ ಆಯ್ತು. ಇದು ಕೂಡ ಇನ್ನೂ ಒಗ್ಗಲಿಲ್ಲ.”

ಅಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಗಿ ಎಂದ. ಆ ಫೋಟೋ ಈಗಲೂ ನಮ್ಮ ಗೋಡೆಯಲ್ಲಿ ಉಂಟು. ಮಾವ ಬೊಚ್ಚು ಬಾಯಿ ಬಿಟ್ಟು ಮನಸಾರೆ ನಗುತ್ತಿದ್ದಾರೆ, ಕೈ ಅಡ್ಡ ಇಲ್ಲ. ಪಕ್ಕದಲ್ಲಿ ಮೂವತ್ತೆರಡು ಹಲ್ಲಿದ್ದೂ ತುಟಿ ಬಿಗಿದು ನಿಂತವನು ನಾನು.