ಬೋಳುಕತ್ತಿನ ಕೋಳಿಯ ಹರಕೆ

ಮನೆಯಲ್ಲಿ ಒಂದು ಒಳ್ಳೆಯ ಹೇಂಟೆ ಇದ್ದರೆ ಸಾಕು, ಊರಿನ ಬಾಯಿಚಪಲವೆಲ್ಲ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನನ್ನ ಹತ್ತಿರ ಒಂದು ಬೋಳುಕತ್ತಿನ ನಾಟಿ ಕೋಳಿಯಿತ್ತು. ಕುತ್ತಿಗೆಗೆ ಒಂದು ಪುಕ್ಕವಿಲ್ಲ, ನೋಡೋಕೆ ಚೆಂದವಿಲ್ಲ. ಆದರೆ ಮೊಟ್ಟೆಗೂ ಸೈ, ಮಾಂಸಕ್ಕೂ ಸೈ. ನನ್ನ ಕಣ್ಣಿಗೆ ಮೊಟ್ಟೆ ಕಾಣುತ್ತಿತ್ತು, ಉಳಿದವರಿಗೆಲ್ಲ ಮಾಂಸ. ಮನೆಗೆ ಉಪ್ಪು, ಎಣ್ಣೆ ಬರುತ್ತಿದ್ದದ್ದೇ ಆ ಮೊಟ್ಟೆಗಳ ಬದಲಿಗೆ. ಅದು ಹೋದರೆ ನನ್ನ ಒಲೆಯ ಮೇಲಿನ ಸಾರು ಸಪ್ಪೆ.

ಮಂಚದ ಕೆಳಗೆ

ಪರಶುರಾಂಪುರದಿಂದ ನನ್ನ ಗಂಡನ ಅಣ್ಣ ಬಂದರು. ಕಾಲು ತೊಳೆಯುವ ಮೊದಲೇ ಅಂಗಳದ ಕೋಳಿಗಳ ಮೇಲೆ ಕಣ್ಣು ಹಾಕಿ, "ಆ ಬೋಳುಕತ್ತಿಂದು ಎಲ್ಲೈತೆ? ಹೋದ ಸಲಾನೇ ತೊಡೆ ತುಂಬ್ಕೊಂಡಿತ್ತು" ಎಂದರು.

ನಾನು ಅವರನ್ನು ಮಂಚದ ಮೇಲೆ ಕೂರಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದೆ. ಅವರು ಸಾರಿನೊಳಗೆ ಬೆರಳಾಡಿಸಿ ಹುಡುಕಿದರು.

"ಕೋಳಿ ವಾಸ್ನೆ ಬರ್ತೈತೆ, ತುಂಡು ಮಾತ್ರ ಸಿಗವಲ್ದು. ಕೋಳಿ ಎಲ್ಲಮ್ಮಾ?"

"ನಿಮ್ಮ ಮಂಚದ ಕೆಳಗೇ ಐತ್ರಿ ಭಾವ. ಕಾವಿಗೆ ಕೂತೈತೆ, ಜೋರಾಗಿ ಮಾತಾಡಬ್ಯಾಡ್ರಿ."

ಪಾಪ, ಊಟ ಮುಗಿಯುವವರೆಗೂ ಪಿಸುಮಾತಿನಲ್ಲೇ ಸಾರು ಕೇಳಿದರು.

ಅರಿಶಿನದ ದಾರ

ಮರಿಗಳು ಹೊರಬಂದು ಎಂಟು ದಿನವಾಗಿತ್ತು. ಊರ ಹೊರಗಿನ ತೋಪಿನಲ್ಲಿ ಯಾರೋ ದೊಡ್ಡ ಅಧಿಕಾರಿಯ ಮೊಕ್ಕಾಂ. ಅವರ ಊಟಕ್ಕೆ ಊರಿನವರೇ ಕೋಳಿ ಕೊಡಬೇಕಂತೆ! ಅಧಿಕಾರಿಯ ಜವಾನ ನೆಟ್ಟಗೆ ನನ್ನ ಅಂಗಳಕ್ಕೆ ಬಂದು, ಮರಿಗಳ ನಡುವಿನಿಂದ ತಾಯಿಯನ್ನೇ ರೆಕ್ಕೆ ಹಿಡಿದು ಎತ್ತಿದ. ಮರಿಗಳ ಕೂಗು ಕೇಳಿ ನನಗೆ ರಕ್ತ ಕುದಿಯಿತು.

ಗುರುತಿಗೆಂದು ಅದರ ಕಾಲಿಗೆ ನಾನೊಂದು ಅರಿಶಿನ ದಾರ ಕಟ್ಟಿದ್ದೆ. ಥಟ್ಟನೆ ಅದನ್ನೇ ತೋರಿಸಿ, "ಲೇ, ಬಿಡಲೇ! ಅದು ಮಾರವ್ವನ ಹರಕೆ ಕೋಳಿ. ತಿಂದೋರಿಗೆ ಏನಾದ್ರೂ ಆದ್ರೆ ನನ್ನ ಕೇಳಬ್ಯಾಡ" ಎಂದೆ.

ಜವಾನ ಬೆಂಕಿ ಮುಟ್ಟಿದವನಂತೆ ಬಿಟ್ಟ. ಗಲ್ಲ ಬಡಿದುಕೊಂಡು, ತನ್ನ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಕೋಳಿಯ ಮುಂದೆ ಸುರಿದು ಹೋದ. ಸರ್ಕಾರದ ಕಡೆಯಿಂದ ನಮ್ಮ ಬೀದಿಗೆ ಬಂದ ಕಾಳು ಅದೊಂದೇ.

ಪೂಜಾರಿಯ ಸಿಹಿ ಮಾತು

ಮಾತು ಮಾರವ್ವನ ಪೂಜಾರಿಯ ಕಿವಿಗೆ ಬಿತ್ತು. ಹರಕೆ ಕೋಳಿಯಲ್ಲಿ ಪೂಜಾರಿಗೆ ಪಾಲುಂಟು. ಮರುದಿನವೇ ಹಾಜರ್.

"ಯಾವಾಗ ಒಪ್ಪಿಸ್ತೀಯ ತಾಯಿ?"

ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟೇ ಉತ್ತರ ಕೊಟ್ಟಿತು: "ನನ್ನ ಸಿಟ್ಟು ಇಳಿದ ದಿನ ಕೊಡ್ತೀನಿ ಅಂತ ಹರಕೆ ಹೊತ್ತೀನ್ರಿ ಪೂಜಾರಪ್ಪ. ಇನ್ನೂ ಇಳಿದಿಲ್ಲ."

ನನ್ನ ಗಂಡ ಒಳಗಿನಿಂದ, "ಹಂಗಾದ್ರೆ ಆ ಕೋಳಿ ಮುದಿಯಾಗೇ ಸಾಯ್ತೈತೆ" ಎಂದರು.

ಪೂಜಾರಿ ಬಿಡುವ ಆಸಾಮಿಯಲ್ಲ. ದಿನಾ ಬೆಳಿಗ್ಗೆ ಬಂದು ಜಗುಲಿಯ ಮೇಲೆ ಕೂತು ನನ್ನನ್ನು ಹೊಗಳತೊಡಗಿದ. ನಿನ್ನಂಥ ಸೊಸೆ ಇಲ್ಲ, ನಿನ್ನ ರೊಟ್ಟಿಯಂಥ ರೊಟ್ಟಿ ಇಲ್ಲ. ಪ್ರಸಾದದಲ್ಲಿ ಪಾಲು ಸಿಗುತ್ತದೆಂದು ಪಕ್ಕದ ಮನೆಯವಳೂ ಜಗಳ ಬಿಟ್ಟು ಮಜ್ಜಿಗೆ ತಂದುಕೊಟ್ಟಳು. ಹೀಗಾದರೆ ಯಾರಾದರೂ ಎಷ್ಟು ದಿನ ಸಿಟ್ಟಾಗಿರಲು ಸಾಧ್ಯ? ಮುಖ ಗಂಟಿಕ್ಕಿ ಗಂಟಿಕ್ಕಿ ನನಗೆ ಹಣೆ ನೋವು ಬಂತು.

ಒಂದು ಬೆಳಿಗ್ಗೆ ಹಿಟ್ಟು ಬೀಸಿ ಎದ್ದೆ. ಒಂದು ಮರಿ ತಾಯಿಯ ಬೆನ್ನೇರಿ, ಜಾರಿ ಬಿದ್ದು, ಮತ್ತೆ ಏರುತ್ತಿತ್ತು. ತಡೆಯಲಾಗದೆ ನಕ್ಕುಬಿಟ್ಟೆ.

"ನಕ್ಕಳು! ಸಿಟ್ಟು ಇಳೀತು!" ಪೂಜಾರಿ ಜಗುಲಿಯಿಂದ ಹಾರಿ ಕೋಳಿಯ ಮೇಲೆ ಬಿದ್ದ. ಕೋಳಿ ಅವನ ಕೈ ತಪ್ಪಿಸಿ, ಒಳಗೆ ಓಡಿ, ನಸುಕಿನಿಂದ ರಟ್ಟೆ ಬೀಳುವಂತೆ ಬೀಸಿದ ನನ್ನ ಜೋಳದ ಹಿಟ್ಟಿನ ಮೊರಕ್ಕೇ ಹಾರಿ, ಎರಡೂ ಕಾಲಲ್ಲಿ ಕೆದರಿ ಮನೆಯೆಲ್ಲ ಹಿಟ್ಟು ಮಾಡಿತು.

ನಾನು ಪೊರಕೆ ಹಿಡಿದು ಕಿರುಚಿದ್ದು ಬೀದಿಯ ಕೊನೆಗೂ ಕೇಳಿಸಿತಂತೆ. "ಈಗ ನೋಡ್ರಿ ಪೂಜಾರಪ್ಪ, ಇಳಿದೈತಾ?"

ಪೂಜಾರಿ ಆಗಲೇ ಗುಡಿ ಸೇರಿದ್ದ.

ತಿರುಗಿ ನೋಡಿದರೆ, ಬೋಳು ಕತ್ತಿಗೆಲ್ಲ ಹಿಟ್ಟು ಬಳಿದುಕೊಂಡು ಕೋಳಿ ನನ್ನನ್ನೇ ನೋಡುತ್ತಿತ್ತು. ನನಗೆ ಮತ್ತೆ ನಗು ಉಕ್ಕಿತು. ಈ ಸಲ ಮಾತ್ರ ಬಾಗಿಲು ಹಾಕಿಕೊಂಡು ನಕ್ಕೆ.