ಅಂಜಿಕೆ ಮೊದಲೋ, ಸಿಗರೇಟು ಮೊದಲೋ

ನಮ್ಮ ಮನೆತನಕ್ಕೆ ಪದವಿ ಎಂಬುದು ಆಗುವ ಮಾತಲ್ಲ ಎಂದು ಹೇಳಿದವನು ಮುಗದ ಊರಿನ ನಮ್ಮ ಚನ್ನಬಸಪ್ಪ ಕಾಕಾ. ಅವನಿಗೆ ಕಾರಣವೂ ಇತ್ತು. ನಾಲ್ಕನೆಯ ಇಯತ್ತೆಯಲ್ಲಿ ಸ್ವಾಗತ ಕೋರಲು ನನ್ನನ್ನು ವೇದಿಕೆಗೆ ಹತ್ತಿಸಿದ್ದರು. ಮೈಕಿನ ಕಂಬ ಹಿಡಿದವನು ಬಿಡಲೇ ಇಲ್ಲ. ಕೊನೆಗೆ ಇಬ್ಬರು ಮಾಸ್ತರರು ಕಂಬದ ಸಮೇತ ಕೆಳಗಿಳಿಸಿದರು. "ಮಂದಿ ಮುಂದ ನಿಂದ್ರಾಕ ಬರೂದಿಲ್ಲ, ಇಂವಾ ಏನ್ ಡಿಗ್ರಿ ತಗೋತಾನ" ಎಂದು ಕಾಕಾ ಅಂದೇ ತೀರ್ಪು ಕೊಟ್ಟ. ಹಾವು, ಹೋರಿ, ಕತ್ತಲೆ ಯಾವುದಕ್ಕೂ ನಾನು ಅಂಜುವವನಲ್ಲ. ನಾಲ್ಕು ಮೆಟ್ಟಿಲಿನ ವೇದಿಕೆ ಕಂಡರೆ ಮಾತ್ರ ಹಿಡಿಯಲು ಕಂಬ ಹುಡುಕುತ್ತೇನೆ.

ಕಾಲೇಜು ಓದಲು ಪೇಟೆಗೆ ಬಂದು ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದೆ. ಮೊದಲ ಸೆಮಿನಾರಿನ ದಿನ ಖೋಲಿಯ ಗೆಳೆಯ ದಾದಾಪೀರ ಸಿಗರೇಟು ಕೊಟ್ಟು, ಎರಡು ದಮ್ಮು ಎಳೆದರೆ ಅಂಜಿಕೆ ಓಡಿಹೋಗುತ್ತದೆ ಎಂದ. ಎಳೆದೆ, ಕೆಮ್ಮಿದೆ, ಸೆಮಿನಾರು ಹೇಗೋ ಮುಗಿಯಿತು. ಮೂರು ವಾರ ಕೂತು ಓದಿದ್ದನ್ನು ಮರೆತು ಕೀರ್ತಿಯನ್ನೆಲ್ಲ ಸಿಗರೇಟಿಗೇ ಕೊಟ್ಟೆ. ಅಲ್ಲಿಂದ ಸೆಮಿನಾರಿಗೊಂದು, ಸೆಮಿನಾರಿನ ನೆನಪಿಗೊಂದು. ಊರಿಗೆ ಹೊರಟರೆ, ಲಿಂಗಪೂಜೆ ಆಗದೆ ಚಹಾ ಕೂಡ ಮುಟ್ಟದ ಕಾಕಾನಿಗೆ ವಾಸನೆ ಬಡಿದೀತೆಂಬ ಹೊಸ ಅಂಜಿಕೆ. ಅದನ್ನು ಕಳೆಯಲು ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು. ಅದರ ಮೇಲೆ ಕೊತ್ತಂಬರಿ ಜಗಿದು ಮನೆ ಹೊಕ್ಕರೆ, ದನದ ಹಾಗೆ ಸೊಪ್ಪು ತಿನ್ನುವ ಚಟ ಯಾವಾಗಿನಿಂದ ಎಂದು ಕಾಕಾನ ಹೆಂಡತಿ ಚಿಗವ್ವ ಕೇಳುತ್ತಿದ್ದಳು.

ಪಾಸಾದೆ. ಘಟಿಕೋತ್ಸವದ ಪತ್ರ ಬಂತು. ಅಂದರೆ ಮತ್ತೆ ವೇದಿಕೆ. ಎದೆ ಡವಗುಟ್ಟುವುದು ತಾಳಲಾರದೆ ಕೇಶ್ವಾಪುರದ ದವಾಖಾನೆಯ ಡಾಕ್ಟರಬಾಯಿಯ ಬಳಿ ಹೋಗಿ ಸಿಗರೇಟಿನ ಸಂಗತಿಯನ್ನೂ ಹೇಳಿದೆ. "ಅಂಜಿಕಿ ಬಂತಂತ ಸೇದ್ತೀರೋ, ಸೇದೂದು ತಡ ಆತಂತ ಅಂಜಿಕಿ ಬರ್ತದೋ? ಒಂದ್ ವಾರ ಬರದು ತರ್ರಿ" ಎಂದರು. ಪದವೀಧರನಲ್ಲವೇ, ಕೆಂಪು ಗೆರೆ ಹೊಡೆದು ಕೋಷ್ಟಕವನ್ನೇ ಮಾಡಿದೆ. ನೋಡಿದರೆ, ಬಚ್ಚಲಲ್ಲಿ ಒಬ್ಬನೇ ನಿಂತಾಗಲೂ ಎದೆ ಹೊಡೆದುಕೊಂಡಿದೆ, ಸೇದಿದರೆ ನಿಂತಿದೆ, ಗಂಟೆ ಕಳೆದರೆ ಮತ್ತೆ ಶುರು. ಇದರಲ್ಲಿ ಅರ್ಧ ಅಂಜಿಕೆ ಸಿಗರೇಟಿನದು, ಅರ್ಧ ನಿಮ್ಮದು, ಸೇದದೆ ಒಮ್ಮೆ ವೇದಿಕೆ ಹತ್ತಿ ನೋಡಿ ಎಂದು ಅವರು ಹೇಳಿದಾಗ ನನ್ನ ತಲೆ ಇನ್ನಷ್ಟು ಕೆಟ್ಟಿತು. ಇಷ್ಟು ವರ್ಷ ನನ್ನದೇ ಎಂದು ಸಾಕಿದ ಅಂಜಿಕೆಯಲ್ಲಿ ನನ್ನದು ಯಾವ ಅರ್ಧ?

ಮೂರು ವಾರ ಸೇದುವುದನ್ನೇ ಬಿಟ್ಟೆ. ಆದರೂ ಘಟಿಕೋತ್ಸವದ ದಿನ ಚೀಲದಲ್ಲಿ ಧೈರ್ಯಕ್ಕೆಂದು ಒಂದನ್ನು ಕಡ್ಡಿಪೆಟ್ಟಿಗೆಯ ಸಮೇತ ಇಟ್ಟುಕೊಂಡಿದ್ದೆ. ಗೌನಿಗೆ ಕಿಸೆ ಇರಲಿಲ್ಲ. ಊರಿಂದ ಬಂದಿದ್ದ ಕಾಕಾನ ಕೈಗೆ ಚೀಲ ಕೊಟ್ಟು ಸಾಲಿನಲ್ಲಿ ನಿಂತ ಮೇಲೆ ಸಿಗರೇಟು ನೆನಪಾಯಿತು. ಹಿಂದೆ ಹೋಗುವಂತಿರಲಿಲ್ಲ. ಹೆಸರು ಕರೆದರು, ಹತ್ತಿದೆ. ಪ್ರಮಾಣಪತ್ರದ ಜೊತೆ ಕೊಟ್ಟವರ ಕೈಯನ್ನೂ ಹಿಡಿದುಕೊಂಡೇ ನಿಂತಿದ್ದೆನಂತೆ. ಆದರೆ ಇಳಿದದ್ದು ನನ್ನ ಕಾಲಿನ ಮೇಲೆಯೇ.

ಕಾಕಾನ ಕುರ್ಚಿ ಖಾಲಿ. ಹುಡುಕುತ್ತ ಹೋದರೆ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಪ್ರಮಾಣಪತ್ರ ಅವನ ಕೈಗಿಟ್ಟೆ. ಎರಡೂ ಕಣ್ಣಿಗೆ ಒತ್ತಿಕೊಂಡ. ಆಮೇಲೆ ನನ್ನ ಮುಖ ನೋಡದೆ ಹೇಳಿದ:

"ನಿನ್ನ ಹೆಸರು ಕರಿಯೂ ಹೊತ್ತು ಬಂತು, ಎಲ್ಲಿ ಮತ್ತ ಕಂಬ ಹಿಡೀತಿಯೋ ಅಂತ ನನಗ ಕೂಡ್ರಾಕ ಆಗಲಿಲ್ಲಪಾ. ನೀರು ಹುಡುಕಾಕ ಚೀಲ ತಗದೆ, ಅದು ಸಿಕ್ತು, ಸೇದಿಬಿಟ್ಟೆ. ನಿಮ್ಮ ಚಿಗವ್ವನ ಮುಂದ ಹೇಳಬ್ಯಾಡ. ಇಲ್ಲೆ ಕೊತಂಬ್ರಿ ಎಲ್ಲಿ ಸಿಗ್ತದ?"