ಎಡಗಿವಿ ಮತ್ತು ಮರೆಗುಳಿ ಬ್ರೌಸರ್

ಮುಚ್ಚಿಡಬೇಕಾದಂಥ ಗುಟ್ಟುಗಳು ನನ್ನ ಬದುಕಿನಲ್ಲಿ ಹೆಚ್ಚೇನೂ ಇಲ್ಲ. ಇದ್ದದ್ದು ಒಂದೇ: ನನ್ನ ಎಡಗಿವಿ ಮಂದವಾಗಿತ್ತು. ಭದ್ರಾವತಿಯಿಂದ ಶಿವಮೊಗ್ಗದ ಆಫೀಸಿಗೆ ಬಸ್ಸಿನಲ್ಲಿ ಹೋಗುವಾಗ ಅದೊಂದು ಸುಖವೇ. ಎಡಗಿವಿಯನ್ನು ಜನರ ಕಡೆ ಕೊಟ್ಟು ಕೂತರೆ ಕಂಡಕ್ಟರನ ಕೂಗು, ಹಾರನ್ನು, ಪಕ್ಕದವರ ಫೋನು ಎಲ್ಲವೂ ನೀರಿನಡಿಯಿಂದ ಬಂದಂತೆ ಕೇಳಿ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆದರೂ ಐವತ್ತೆರಡಕ್ಕೇ ಕಿವುಡ ಎನ್ನಿಸಿಕೊಳ್ಳುವ ಮನಸ್ಸಿಲ್ಲದೆ, ಹೆಂಡತಿ ಗಿರಿಜೆಗೂ ಹೇಳಿರಲಿಲ್ಲ.

ಒಂದು ದಿನ ಫೋನಿನಲ್ಲಿ ಕಿವಿಯ ಯಂತ್ರಗಳನ್ನು ಹುಡುಕಿದ್ದೇ ತಪ್ಪಾಯಿತು. ಅಂದಿನಿಂದ ಎಲ್ಲೆಲ್ಲೂ ಅದರದೇ ಜಾಹೀರಾತು: ಕ್ರಿಕೆಟ್ ಸ್ಕೋರಿನ ಪಕ್ಕದಲ್ಲೊಂದು ಕಿವಿ, ಹವಾಮಾನ ವರದಿಯ ಕೆಳಗೊಂದು ಕಿವಿ. ಅಡುಗೆ ನೋಡಲು ಗಿರಿಜೆ ಬಳಸುವುದೂ ನನ್ನ ಫೋನನ್ನೇ. ಆಫೀಸಿನ ಎದುರು ಮೇಜಿನ ಶಕುಂತಲಾ ಮೇಡಂ ಬಳಿ, "ನನ್ನ ಸ್ನೇಹಿತರೊಬ್ಬರ ಸಮಸ್ಯೆ" ಎಂದು ಶುರುಮಾಡಿದೆ.

"ಅಷ್ಟಕ್ಕೆಲ್ಲ ಯಾಕೆ ಹೆದರ್ತೀರಿ ಮಾರಾಯ್ರೆ? ಗುಟ್ಟು ಕಾಯೋ ಬ್ರೌಸರ್ ಇದೆ, ಹಾಕ್ಕೊಡ್ತೀನಿ. ಮುಚ್ಚಿದ ಕೂಡ್ಲೇ ಎಲ್ಲ ಮರೆತುಬಿಡುತ್ತೆ" ಎಂದು ನನ್ನ ಫೋನಿಗೇ ಹಾಕಿಕೊಟ್ಟರು.

ಜಾಹೀರಾತುಗಳು ಮಾಯವಾದವು. ಪುಟಗಳು ಬೇಗ ತೆರೆದುಕೊಂಡು, ಮುಂಜಾನೆಯ ಹೊಳೆಯಂತೆ ನಿಶ್ಶಬ್ದವಾಗಿ ಹರಡಿಕೊಂಡವು. ಆದರೆ ಅದು ನನ್ನನ್ನೂ ಮರೆಯುತ್ತಿತ್ತು. ದಿನಾ ಪಾಸ್‌ವರ್ಡ್ ಕೇಳುತ್ತಿತ್ತು. ರೈಲು ಟಿಕೆಟ್ಟಿನ ಪುಟ ಅದರಲ್ಲಿ ತೆರೆಯಲೇ ಇಲ್ಲ. ಕೆಲವು ತಾಣಗಳು ನಾನು ಮನುಷ್ಯನೋ ಅಲ್ಲವೋ ಎಂದು ಅನುಮಾನಿಸಿ, ಬಸ್ಸಿರುವ ಚಿತ್ರಗಳನ್ನು ಆರಿಸಲು ಹೇಳಿದವು. ಬಸ್ಸಿನಲ್ಲಿ ಕೂತು ಬಸ್ಸುಗಳನ್ನು ಆರಿಸುತ್ತಾ ತೂಕಡಿಸಿ, ಇಳಿಯುವ ಸ್ಟಾಪನ್ನೇ ದಾಟಿಹೋದೆ. ಇಷ್ಟಾಗಿಯೂ ನಾನು ಯಾವ ತಾಣಕ್ಕೆ ಹೋಗುತ್ತೇನೆಂಬುದು ಇಂಟರ್‌ನೆಟ್ ಕೊಡುವ ಕಂಪನಿಗೆ ಕಾಣುತ್ತದಂತೆ. ಕಂಪನಿ ನಮ್ಮನೆಗೆ ಊಟಕ್ಕೆ ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಗಿರಿಜೆ ಫೋನು ಹಿಡಿದು ಬಂದಳು. "ನಿನ್ನೆ ಓದ್ತಿದ್ದ ಹಲಸಿನ ಕಡುಬು ಎಲ್ಲಿ ಹೋಯ್ತು? ಏನಿದು ಹೊಸದು?"

"ಸುರಕ್ಷತೆಗೆ. ನಮ್ಮ ವಿಷಯ ಯಾರಿಗೂ ಗೊತ್ತಾಗಬಾರದು ನೋಡು."

"ಕಿವಿ ವಿಷಯಾನಾ?"

ಕಾಫಿ ಲೋಟ ಕೆಳಗಿಟ್ಟೆ. "ಜಾಹೀರಾತು ನೋಡಿದೆಯಾ?"

"ಯಾವ ಜಾಹೀರಾತು? ಆರು ತಿಂಗಳಿಂದ ನಿಮ್ಮ ಬಲಗಡೆಗೇ ಬಂದು ಮಾತಾಡ್ತಿದೀನಲ್ಲ. ನಾಳೆ ಡಾಕ್ಟರ್ ಹತ್ರ ಹೋಗ್ಬೇಕು. ಹೇಳಿಟ್ಟಿದೀನಿ."

ನೋಡಿದರೆ ಆಗಲೂ ಅವಳು ಬಲಗಡೆಯೇ ನಿಂತಿದ್ದಳು. ಒಂದಕ್ಷರ ಬಿಡದೆ ಕೇಳಿಸಿತ್ತು. ಆದರೂ ಮುಖ ಎತ್ತಿ, "ಏನಂದೆ?" ಎಂದೆ.